ಸೆರೆಯಲ್ಲಿಯೂ ನಿಲ್ಲದ ಸೇವೆ

(ಫೆಬ್ರವರಿ 11, ಲೂರ್ದು ಮಾತೆಯ ಹಬ್ಬದ ಪ್ರಬೋಧನೆ)



ಇಂದು ಲೂರ್ದು ಮಾತೆಯ ಹಬ್ಬ. ಜಗದ್ಗುರು ಎರಡನೇ ಜಾನ್ ಪೌಲರು 1992ರಲ್ಲಿ ಈ ದಿನವನ್ನು ವಿಶ್ವ ರೋಗಿಗಳ ದಿನವೆಂದು ಸಾರಿದರು. ರೋಗಿಗಳಿಗಾಗಿ ಪ್ರಾರ್ಥಿಸುವ ನಾವು ಅವರ ಹಾಸಿಗೆಯ ಪಕ್ಕದಲ್ಲಿ ನಿಲ್ಲುವವರನ್ನೂ ನೆನೆಯಬೇಕು. ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯದಲ್ಲಿ ಪ್ರಭು ಯೇಸು ರೋಗಿಯಲ್ಲಿಯೂ ಸೆರೆಯಾಳಿನಲ್ಲಿಯೂ ತಮ್ಮನ್ನೇ ಕಾಣುವಂತೆ ಹೇಳುತ್ತಾರೆ. ಆ ಸೆರೆಯಾಳೇ ರೋಗಿಯ ಆರೈಕೆಗೆ ನಿಂತರೆ ಹೇಗಿರುತ್ತದೆ? ಎರಡನೇ ಮಹಾಯುದ್ಧದ ಕಾಲದಲ್ಲಿ ಫಿಲಿಪೈನ್ಸ್ ದೇಶದಲ್ಲಿ ಹಾಗೆಯೇ ನಡೆಯಿತು.

1941ರ ಡಿಸೆಂಬರ್ 8ರಂದು, ಅಮಲೋದ್ಭವ ಮಾತೆಯ ಹಬ್ಬದ ದಿನವೇ, ಜಪಾನ್ ಆ ದೇಶದ ಮೇಲೆ ದಾಳಿ ಮಾಡಿತು. ಅಲ್ಲಿದ್ದ ಅಮೆರಿಕದ ಸೇನಾ ದಾದಿಯರು ಬತಾನ್ ಕಾಡಿನಲ್ಲಿ ಮರಗಳ ಕೆಳಗೆ ಮಂಚ ಹಾಕಿ ಗಾಯಾಳುಗಳನ್ನು ನೋಡಿಕೊಂಡರು. ಬಳಿಕ ಕೊರೆಹಿದೋರ್ ದ್ವೀಪದ ಸುರಂಗದಲ್ಲಿ ಸೇವೆ ಮುಂದುವರಿಸಿದರು. 1942ರ ಮೇ 6ರಂದು ದ್ವೀಪ ಶರಣಾಯಿತು. ಆ ಯುದ್ಧದಲ್ಲಿ ಭೂಸೇನೆಯ 66 ಮತ್ತು ನೌಕಾಪಡೆಯ 11, ಒಟ್ಟು 77 ದಾದಿಯರು ಸೆರೆಯಾದರು.

ಅವರನ್ನು ಇಟ್ಟದ್ದು ಮನಿಲಾದ ಸಂತ ತೋಮಾಸ್ ವಿಶ್ವವಿದ್ಯಾನಿಲಯದ ಆವರಣದಲ್ಲಿ. 1611ರಲ್ಲಿ ದೊಮಿನಿಕನ್ ಗುರುಗಳು ಆರಂಭಿಸಿದ ವಿದ್ಯಾಲಯವದು. ಯುದ್ಧ ಅದನ್ನು ಸೆರೆಶಿಬಿರವಾಗಿಸಿತ್ತು. ಮೂರು ಸಾವಿರಕ್ಕೂ ಹೆಚ್ಚು ಜನರು, ಮಕ್ಕಳು ಮುದುಕರು ಸಹಿತ, ಅಲ್ಲಿ ಬಂಧಿಗಳಾಗಿದ್ದರು.

ಭೂಸೇನೆಯ ದಾದಿಯರ ಮುಖ್ಯಸ್ಥೆ ಮಾಡ್ ಡೇವಿಸನ್. ವಯಸ್ಸು ಐವತ್ತು ದಾಟಿತ್ತು. ಮಾತು ಖಡಕ್. ಸೆರೆಯಲ್ಲಿದ್ದರೂ ದಾದಿಯರು ದಾದಿಯರೇ ಎಂಬುದು ಅವರ ನಿಲುವು. ಕೆಲಸದ ವೇಳೆ ಎಲ್ಲರೂ ಖಾಕಿ ಸಮವಸ್ತ್ರ ಧರಿಸಬೇಕು. ಶಿಬಿರದ ಆಸ್ಪತ್ರೆಯಲ್ಲಿ ದಿನಕ್ಕೆ ನಾಲ್ಕು ಗಂಟೆಯ ಸರದಿ ಮಾಡಬೇಕು. 1943ರಲ್ಲಿ ಲಾರಾ ಕಾಬ್ ನೇತೃತ್ವದ ನೌಕಾಪಡೆಯ 11 ದಾದಿಯರನ್ನು ಲೋಸ್ ಬಾನ್ಯೋಸ್ ಶಿಬಿರಕ್ಕೆ ಸಾಗಿಸಲಾಯಿತು. ಅಲ್ಲಿಯೂ ಅವರು ರೋಗಿಗಳ ಸೇವೆಗೇ ನಿಂತರು.

ಕೊನೆಯ ವರ್ಷ ಹಸಿವು ಕಾಡಿತು. ನೀರು ಗಂಜಿಯೇ ಊಟ. 1945ರ ಜನವರಿಗೆ ಒಬ್ಬರಿಗೆ ಸಿಗುತ್ತಿದ್ದುದು ದಿನಕ್ಕೆ ಸುಮಾರು 700 ಕ್ಯಾಲೊರಿ. ಜನರು ಹಸಿವಿನಿಂದಲೇ ಸಾಯತೊಡಗಿದರು. ತಾವೂ ಎಲುಬಿನ ಗೂಡಾಗಿದ್ದ ದಾದಿಯರು ಸಾಯುವವರ ಬಳಿಯಿಂದ ಕದಲಲಿಲ್ಲ. 1945ರ ಫೆಬ್ರವರಿ 3ರಂದು ಸಂತ ತೋಮಾಸ್, 23ರಂದು ಲೋಸ್ ಬಾನ್ಯೋಸ್ ಶಿಬಿರಕ್ಕೆ ಬಿಡುಗಡೆ ದೊರೆಯಿತು. 77 ದಾದಿಯರಲ್ಲಿ ಒಬ್ಬರೂ ಸತ್ತಿರಲಿಲ್ಲ.

ಪ್ರಿಯರೇ, ನಮ್ಮ ಕಷ್ಟ ತೀರಲಿ, ಆಮೇಲೆ ಇನ್ನೊಬ್ಬರನ್ನು ನೋಡೋಣ ಎನ್ನುವವರು ನಾವು. ಈ ತಾಯಂದಿರು ಹಾಗೆ ಕಾಯಲಿಲ್ಲ. ಪರರ ಸೇವೆಯೇ ಅವರಿಗೂ ಬದುಕುವ ಬಲ ಕೊಟ್ಟಿತೆಂದು ನಾನು ನಂಬುತ್ತೇನೆ.

ಅವರ ಸರದಿಯಲ್ಲಿ ನಮ್ಮ ಮನೆಗಳಿಗೂ ಒಂದು ಪಾಠವಿದೆ. ಹಾಸಿಗೆ ಹಿಡಿದ ಅಜ್ಜನ, ಅತ್ತೆಯ ಆರೈಕೆ ಸಾಮಾನ್ಯವಾಗಿ ಒಬ್ಬ ಸೊಸೆಯ ಅಥವಾ ಒಬ್ಬ ಮಗಳ ತಲೆಯ ಮೇಲೆಯೇ ಬೀಳುತ್ತದೆ. ಗಂಡಸರೂ ಮಕ್ಕಳೂ ಸರದಿ ಹಂಚಿಕೊಂಡರೆ ಆಕೆಗೆ ಬಲಿಪೂಜೆಗೆ ಬರಲು, ಒಂದು ರಾತ್ರಿ ನೆಮ್ಮದಿಯಾಗಿ ನಿದ್ರಿಸಲು ಸಾಧ್ಯವಾದೀತು.

ಇನ್ನೊಂದು ಮಾತು. ಮಾಡ್ ಡೇವಿಸನ್ 1956ರಲ್ಲಿ ತೀರಿಕೊಂಡರು. ಸೇನೆಯ ವಿಶಿಷ್ಟ ಸೇವಾ ಪದಕ ಅವರ ಹೆಸರಿಗೆ ಬಂದದ್ದು 2001ರಲ್ಲಿ, 45 ವರ್ಷ ತಡವಾಗಿ. ನಮ್ಮ ಮನೆಯಲ್ಲಿ ಸೇವೆ ಮಾಡುವವರಿಗೆ ಕೃತಜ್ಞತೆ ಹೇಳಲು ನಾವು ಅಷ್ಟು ತಡಮಾಡುವುದು ಬೇಡ. ಇಂದು ಮನೆಗೆ ಹೋದೊಡನೆ ಹೇಳೋಣ.

ರೋಗಿಗಳ ಆರೋಗ್ಯವಾದ ಮಾತೆ ಮರಿಯಳು ನಮಗಾಗಿ ಪ್ರಾರ್ಥಿಸಲಿ. ಆಮೆನ್.