ಎಲೆ ನೋಡಿ ಔಷಧಿ ತರಬೇಡಿ: ಚಳಿ ಕಳೆದರೂ ಚೇತರಿಸದ ಕನಕಾಂಬರ

(ಮಾಸ್ತಿಯಲ್ಲಿ ಮಹಿಳಾ ಸ್ವಸಹಾಯ ಸಂಘಗಳ ಸದಸ್ಯೆಯರ ಮುಂದೆ ಆಡಿದ ಮಾತುಗಳು)



ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋಗುತ್ತದೆ ಅನ್ನುತ್ತೇವೆ. ಚಳಿಯೇನೋ ಹೋಯಿತು, ಹಿತ್ತಿಲಿನ ಕನಕಾಂಬರ ಮಾತ್ರ ಎದ್ದಿಲ್ಲ. ಎಲೆ ಹಳದಿ, ತೆನೆ ಗಿಡ್ಡ, ಮಧ್ಯಾಹ್ನವಾದರೆ ಗಿಡವೇ ಜೋಲುತ್ತದೆ. ಮುಂದೆ ಮದುವೆಗಳ ಕಾಲ. ಗ್ರಾಂ ಲೆಕ್ಕದಲ್ಲಿ ತೂಗುವ ಹೂವು ಇದು, ನಾಲ್ಕು ವಾರ ಬಿಡದಿದ್ದರೆ ಸಾಲದ ಕಂತಿಗೇ ತೊಂದರೆ. ಆದ್ದರಿಂದ ಅಂಗಡಿಗೆ ಓಡಿ, "ಎಲೆ ಹಳದಿಯಾಗಿದೆ, ಏನಾದರೂ ಕೊಡಿ" ಎಂದು ಕೇಳುವ ಆತುರ ನನಗೆ ಅರ್ಥವಾಗುತ್ತದೆ. ಆದರೆ ಹಳದಿ ಎಲೆಗೆ ಕಾರಣ ಒಂದೇ ಅಲ್ಲ.

ಕನಕಾಂಬರ ಸೆಕೆಯನ್ನು ಇಷ್ಟಪಡುವ ಗಿಡ. ನಮ್ಮದು ಸಮುದ್ರಮಟ್ಟದಿಂದ 800 ಮೀಟರಿಗಿಂತ ಎತ್ತರದ ಸೀಮೆ. ಡಿಸೆಂಬರ್, ಜನವರಿಯ ರಾತ್ರಿಗಳಲ್ಲಿ ಅದು ಬೆಳೆಯುವುದನ್ನೇ ಬಹುಮಟ್ಟಿಗೆ ನಿಲ್ಲಿಸುತ್ತದೆ, ನೀರನ್ನೂ ಕಡಿಮೆ ಕುಡಿಯುತ್ತದೆ. ನಾವು ಮಾತ್ರ ದಿನಾ ಬಚ್ಚಲು ನೀರು ಬಿಡುತ್ತಲೇ ಇರುತ್ತೇವೆ! ಕಾಂಡವನ್ನು ಉಗುರಿನಿಂದ ಸ್ವಲ್ಪ ಕೆರೆದು ನೋಡಿ. ಒಳಗೆ ಹಸಿರಿದ್ದು, ತುದಿಯಲ್ಲಿ ಚಿಗುರು ಕಾಣುತ್ತಿದ್ದರೆ ಅದು ಬಹುಶಃ ಚಳಿಯ ಪೆಟ್ಟಷ್ಟೇ. ಒಣಗಿದ ತುದಿ ಕತ್ತರಿಸಿ, ಕೊಟ್ಟಿಗೆ ಗೊಬ್ಬರ ಕೊಟ್ಟು, ಎರಡು ಮೂರು ವಾರ ಕಾಯಿರಿ. ಹೊಸ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಅಂಶದ ಕೊರತೆ ಇರಬಹುದು.

ಸೆಕೆ ಬಂದ ಮೇಲೂ ಚಿಗುರದಿದ್ದರೆ ಬೇರು ನೋಡಲೇಬೇಕು. ಪೂರ್ತಿ ಸತ್ತ ಗಿಡವನ್ನಲ್ಲ, ಅರೆಜೀವದ ಒಂದನ್ನು ಗುದ್ದಲಿಯಿಂದ ಸುತ್ತ ಬಿಡಿಸಿ ಎತ್ತಿ. ಬಕೆಟ್ ನೀರಿನಲ್ಲಿ ಮೆಲ್ಲಗೆ ಅದ್ದಿ ತೊಳೆಯಿರಿ. ಬೇರು ಕಂದಾಗಿ, ಸಿಪ್ಪೆ ಕೈಗೇ ಜಾರಿಬಂದರೆ ಅದು ಕೊಳೆ. ನೀರು ಕಡಿಮೆ ಮಾಡಿ, ಬಸಿದು ಹೋಗಲು ದಾರಿ ಮಾಡಿ. ಮಣಿ ಪೋಣಿಸಿದ ಹಾಗೆ ಗಂಟುಗಳಿದ್ದರೆ ಬೇರುಗಂಟು ಜಂತುಹುಳು. ಅವರೆ ಗಿಡದ ಬೇರಿನಲ್ಲೂ ಗಂಟಿರುತ್ತದಲ್ಲ ಅಂತ ಕೇಳಬಹುದು. ಅವರೆಯ ಗಂಟು ಉಜ್ಜಿದರೆ ಕಳಚಿ ಬರುತ್ತದೆ, ಅದು ಒಳ್ಳೆಯ ಗಂಟು. ಈ ಗಂಟು ಬೇರೇ ಊದಿಕೊಂಡಿದ್ದು, ಕಳಚುವುದಿಲ್ಲ.

ಈ ಹುಳು ಕಣ್ಣಿಗೆ ಕಾಣದು. ಟೊಮೆಟೊ, ಬದನೆ, ಬೆಂಡೆಯ ಬೇರಿಗೂ ಇದೇ ಹತ್ತುತ್ತದೆ. ನಮ್ಮ ಕೋಲಾರ ಜಿಲ್ಲೆಯಲ್ಲಿ ಟೊಮೆಟೊ ಹಾಕದ ಹೊಲ ಎಷ್ಟಿದೆ ಹೇಳಿ! ಇನ್ನೊಂದು ದಾರಿ ನಮ್ಮ ಕೈಯಲ್ಲೇ ಇದೆ. ಮಾಮೂಲಿ ಕನಕಾಂಬರದ ಒಣಕಾಯಿ ನೀರು ತಾಗಿದರೆ ಪಟ್ ಅಂತ ಸಿಡಿದು ಬೀಜ ಚೆಲ್ಲುತ್ತದೆ. ಡೆಲ್ಲಿ ಕನಕಾಂಬರದಲ್ಲಿ ಬೀಜ ಕಟ್ಟುವುದಿಲ್ಲ, ಕಡ್ಡಿಯಿಂದಲೇ ಬೆಳೆಸಬೇಕು. ಪಕ್ಕದ ಮನೆಯಕ್ಕ ಪ್ರೀತಿಯಿಂದ ಬೇರು ಬಂದ ಕಡ್ಡಿಯನ್ನು ಮಣ್ಣಿನ ಸಮೇತ ಕೊಟ್ಟರೆ, ಹುಳುವನ್ನೂ ಕೊಟ್ಟ ಹಾಗಾಗಬಹುದು.

ಗಂಟು ಬಿದ್ದ ಬೇರು ಮತ್ತೆ ನೆಟ್ಟಗಾಗುವುದಿಲ್ಲ. ತೀರಾ ಸೊರಗಿದ್ದನ್ನು ಬೇರುಸಹಿತ ಕಿತ್ತು ಸುಡಿ, ತಿಪ್ಪೆಗೆ ಹಾಕಬೇಡಿ. ಉಳಿದವಕ್ಕೆ ಬೇವಿನ ಹಿಂಡಿ ಕೊಡಿ. ಖಾಲಿಯಾದ ಜಾಗದಲ್ಲಿ ಒಂದು ಬೆಳೆ ಚೆಂಡುಹೂವು ಹಾಕಿ. ಅದರ ಬೇರು ಈ ಹುಳುವನ್ನು ತಗ್ಗಿಸುತ್ತದೆ, ಹೂವಿಗೂ ಕಾಸು ಸಿಗುತ್ತದೆ. ಹಿಂದೆ ಇದಕ್ಕೆ ಫೋರೇಟ್ ಗುಳಿಗೆ ಹಾಕುತ್ತಿದ್ದರು. ಅದು 2020ರ ಡಿಸೆಂಬರ್ 31ರಿಂದ ನಿಷೇಧವಾಗಿದೆ. ಮೂಲೆಯಲ್ಲಿ ಹಳೆಯ ಪೊಟ್ಟಣ ಉಳಿದಿದ್ದರೂ ಬಳಸಬೇಡಿ. ಹಿತ್ತಿಲಲ್ಲಿ ಕೋಳಿ ಕೆದಕುತ್ತದೆ, ಮಕ್ಕಳು ಆಡುತ್ತಾರೆ.

ಗಂಟಿಲ್ಲದೆ ಬೇರಿನ ಮೇಲೆ ಕಪ್ಪು ಮಚ್ಚೆಗಳಿದ್ದರೆ ಕಣ್ಣಂದಾಜು ಸಾಲದು. ಹಸಿಬೇರು, ಬುಡದ ಎರಡು ಹಿಡಿ ಮಣ್ಣು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಬಿಸಿಲಿಗಿಡದೆ ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರಕ್ಕೆ ಒಯ್ಯಿರಿ. ಒಬ್ಬೊಬ್ಬರೇ ಹೋಗಿ ಬಸ್ ಚಾರ್ಜು ಕಳೆಯುವುದು ಬೇಡ. ಸಂಘದಿಂದ ಇಬ್ಬರು ಎಲ್ಲರ ಚೀಲ ತೆಗೆದುಕೊಂಡು ಹೋದರೆ ಸಾಕು, ಚೀಲದ ಮೇಲೆ ಹೆಸರು ಬರೆಯುವುದನ್ನು ಮಾತ್ರ ಮರೆಯಬೇಡಿ.