ಭಾರವಿಲ್ಲದ್ದರ ಭಾರ

ಸಾವನದುರ್ಗವನ್ನು ಕಂಡವರಿಗೆ ಅದರ ಕರಿಗುಡ್ಡ, ಬಿಳಿಗುಡ್ಡಗಳನ್ನು ವರ್ಣಿಸಿ ಹೇಳಬೇಕಾಗಿಲ್ಲ. ಬುಡದಲ್ಲಿ ವೀರಭದ್ರನ ಗುಡಿ, ನರಸಿಂಹನ ಗುಡಿ. ಮೇಲೆ ಆಕಾಶಕ್ಕೆ ಬೆನ್ನುಕೊಟ್ಟು ನಿಂತ ಮಹಾಬಂಡೆ. ರಾಮನಗರದ ಹಳೆಯ ಹೆಸರನ್ನು ಅನುಸರಿಸಿ ಭೂವಿಜ್ಞಾನಿಗಳು ಈ ಶಿಲೆಯನ್ನು ಕ್ಲೋಸ್‌ಪೇಟೆ ಗ್ರಾನೈಟು ಎಂದು ಕರೆಯುತ್ತಾರೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಮಾಗಡಿಯ ಕೆಂಪೇಗೌಡರ ಆಳ್ವಿಕೆ ಬಂದು ಹೋಯಿತು. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಟಿಪ್ಪುವಿನ ಕಡೆಯವರಿಂದ ಕೋಟೆಯನ್ನು ಕಿತ್ತುಕೊಂಡಿತು. ಕೋಟೆ ಪಾಳುಬಿದ್ದಿದೆ; ಬಂಡೆ ಇದ್ದಂತೆಯೇ ಇದೆ.

ಈ ಬೆಟ್ಟದ ಸೀಮೆಯಲ್ಲಿ ಕುಳಿತು ನಾನು ಬರೆಯುವ ಗಣಕಯಂತ್ರದ ವಯಸ್ಸು ಹದಿಮೂರು ವರ್ಷ. ಇಂದಿನ ಲೆಕ್ಕದಲ್ಲಿ ಅದು ಹಣ್ಣು ಹಣ್ಣು ಮುದಿ. ಎರಡು ವರ್ಷಗಳ ಹಿಂದೆ ಬರವಣಿಗೆಯ ತಂತ್ರಾಂಶದ ಹೊಸ ಆವೃತ್ತಿಯೊಂದನ್ನು ಅದಕ್ಕೆ ತುಂಬಿಸಿದೆ. ಅಂದಿನಿಂದ ಒಂದು ಅಕ್ಷರವನ್ನು ಒತ್ತಿದರೆ ಅದು ಪರದೆಯ ಮೇಲೆ ಮೂಡುವಷ್ಟರಲ್ಲಿ ನಾನು ಬರೆಯಬೇಕೆಂದಿದ್ದ ವಾಕ್ಯವೇ ಮರೆತುಹೋಗುತ್ತಿತ್ತು. ರಿಪೇರಿಯವನನ್ನು ಕೇಳಿದೆ. “ಗುಜರಿಗೆ ಹಾಕಿ ಸಾರ್, ಹೊಸದು ತಗೊಳ್ಳಿ” ಎಂದ. ಬೆಂಗಳೂರಿನಲ್ಲಿ ತಂತ್ರಾಂಶ ಬರೆಯುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಹಬ್ಬಕ್ಕೆ ಬಂದಿದ್ದಾಗ ಯಂತ್ರವನ್ನು ಪರೀಕ್ಷಿಸಿ, “ಇದಕ್ಕೇನೂ ಆಗಿಲ್ಲ ಮೇಷ್ಟ್ರೇ. ಹೊರಿಸಿರೋ ಹೊರೆ ಜಾಸ್ತಿಯಾಗಿದೆ, ಅಷ್ಟೆ” ಎಂದ. ಆ ಹೊರೆಯನ್ನು ಇಳಿಸಿ, ಹಗುರವಾದ ಮುಕ್ತ ತಂತ್ರಾಂಶವನ್ನು ಹಾಕಿಕೊಟ್ಟು ಹೋದ. ಈ ಭಾಷಣವನ್ನು ಬರೆದದ್ದು ಅದೇ ಯಂತ್ರದಲ್ಲಿ.

ಅವನ ಆ ಮಾತು ನನ್ನನ್ನು ಯೋಚನೆಗೆ ಹಚ್ಚಿತು. ತಂತ್ರಾಂಶಕ್ಕೆ ಹೊಗೆಯಿಲ್ಲ, ಸದ್ದಿಲ್ಲ, ತೂಕವಿಲ್ಲ. ಆದುದರಿಂದ ಅದಕ್ಕೆ ಪಾಪವೂ ಇಲ್ಲವೆಂದು ನಾವು ಭಾವಿಸಿದ್ದೇವೆ. ವಾಸ್ತವದಲ್ಲಿ ಅದು ಎರಡು ಬಗೆಯಿಂದ ಪರಿಸರವನ್ನು ಮುಟ್ಟುತ್ತದೆ. ಅನವಶ್ಯಕ ಲೆಕ್ಕಾಚಾರಗಳಿಂದ ವಿದ್ಯುತ್ತನ್ನು ತಿನ್ನುವುದು ಒಂದು ಬಗೆ. ಇದಕ್ಕಿಂತ ದೊಡ್ಡದು ಎರಡನೆಯದು: ಗಟ್ಟಿಮುಟ್ಟಾದ ಯಂತ್ರವನ್ನು ಅಕಾಲದಲ್ಲಿ ಗುಜರಿಗೆ ಅಟ್ಟುವುದು. ಮಡಿಲಗಣಕವೊಂದು ತನ್ನ ಜೀವಮಾನದಲ್ಲಿ ಉಂಟುಮಾಡುವ ಇಂಗಾಲದ ಬಹುಪಾಲು, ಅದು ನಮ್ಮ ಮನೆಗೆ ಬರುವ ಮೊದಲೇ, ಗಣಿಯಲ್ಲಿ, ಕಾರ್ಖಾನೆಯಲ್ಲಿ ವ್ಯಯವಾಗಿಬಿಟ್ಟಿರುತ್ತದೆ. ಹೀಗಿರುವಾಗ ಇರುವ ಯಂತ್ರವನ್ನು ಇನ್ನಷ್ಟು ಕಾಲ ಬಾಳಿಸುವುದಕ್ಕಿಂತ ದೊಡ್ಡ ಉಳಿತಾಯವಿಲ್ಲ.

ಲೋಕದ ನಡೆ ಇದಕ್ಕೆ ವಿರುದ್ಧವಾಗಿದೆ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅದರ ಮುಂದಿನ ಆವೃತ್ತಿಯು ಹೊಸ ಬಗೆಯ ಸಂಸ್ಕಾರಕವನ್ನೂ ಭದ್ರತೆಯ ಚಿಪ್ಪನ್ನೂ ಬೇಡುವುದರಿಂದ, ಚೆನ್ನಾಗಿಯೇ ನಡೆಯುತ್ತಿದ್ದ ಅಸಂಖ್ಯ ಯಂತ್ರಗಳು ಒಮ್ಮೆಲೇ ಅನರ್ಹವಾದವು. ವಿಶ್ವಸಂಸ್ಥೆಯ ವರದಿಯ ಪ್ರಕಾರ 2022ರಲ್ಲಿ ಜಗತ್ತು ಬಿಸುಟ ವಿದ್ಯುನ್ಮಾನ ಕಸ 6.2 ಕೋಟಿ ಟನ್ನು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಯ ದಾರಿ ಹಿಡಿದುದು ಕಾಲುಭಾಗಕ್ಕಿಂತ ಕಡಿಮೆ. ಶಿವಗಂಗೆಯ ಬೆಟ್ಟಕ್ಕೆ ಹತ್ತಿರದ ದಾಬಸ್‌ಪೇಟೆಯಲ್ಲಿ 2005ರಲ್ಲೇ ಇ-ಪರಿಸರ ಎಂಬ ಸಂಸ್ಥೆ ಇಂಥ ಕಸವನ್ನು ಶಾಸ್ತ್ರೀಯವಾಗಿ ಬಿಡಿಸುವ ಕೆಲಸವನ್ನು ಆರಂಭಿಸಿತು. ಆದರೆ ಅಂಥ ಕಡೆಗೆ ಹೋಗದ ಕಸವೇ ಹೆಚ್ಚು. ತಾಮ್ರಕ್ಕಾಗಿ ತಂತಿಯನ್ನು ಸುಡುವ, ಚಿನ್ನದ ಎಳೆಗಾಗಿ ಫಲಕವನ್ನು ಆಮ್ಲದಲ್ಲಿ ಅದ್ದುವ ಬಡವರ ಶ್ವಾಸಕೋಶಕ್ಕೂ ನಮ್ಮ ನೆಲಜಲಗಳಿಗೂ ಅದರ ವಿಷ ಇಳಿಯುತ್ತದೆ.

ಹಾಗಾದರೆ ತಂತ್ರಾಂಶ ಬರೆಯುವವರು ಕೈಕಟ್ಟಿ ಕುಳಿತಿದ್ದಾರೆಯೇ? ಎಲ್ಲರೂ ಇಲ್ಲ. 2017ರಲ್ಲಿ ವಿಷುವಲ್ ಸ್ಟುಡಿಯೋ ಕೋಡ್ ಎಂಬ ಬರವಣಿಗೆಯ ತಂತ್ರಾಂಶದಲ್ಲಿ ಒಂದು ವಿಚಿತ್ರ ಬೆಳಕಿಗೆ ಬಂತು. ಅಕ್ಷರ ಬೀಳಬೇಕಾದ ಸ್ಥಳವನ್ನು ತೋರುವ ಮಿನುಗುವ ಗೀಟು ಇದೆಯಲ್ಲ, ಬರೆಯುವವನು ಸುಮ್ಮನೆ ಕುಳಿತಿದ್ದಾಗಲೂ ಅದನ್ನು ಮಿನುಗಿಸುವುದಕ್ಕೇ ಒಂದು ಗಣಕದ ಸಂಸ್ಕಾರಕದ ಶೇಕಡ 13ರಷ್ಟು ಶಕ್ತಿ ಹೋಗುತ್ತಿತ್ತು. ಬಳಸುತ್ತಿದ್ದವರೊಬ್ಬರು ಇದನ್ನು ಗುರುತಿಸಿ ಹೇಳಿದರು, ಬರೆದವರು ತಿದ್ದಿದರು. ಅರ್ಧ ಮಾತ್ರೆಯ ಉಳಿತಾಯವಾದರೆ ವೈಯಾಕರಣರು ಪುತ್ರೋತ್ಸವದಂತೆ ಸಂಭ್ರಮಿಸುತ್ತಾರೆಂಬ ಹಳೆಯ ಮಾತು ನನಗೆ ಆಗ ನೆನಪಾಯಿತು. ಒಂದು ಸೂತ್ರವನ್ನು ಒಂದು ಕಂದಪದ್ಯದಲ್ಲಿ ಅಡಗಿಸಿದ ಕೇಶಿರಾಜನಿಗೆ ಈ ತಿದ್ದುವವರ ಕಷ್ಟವೂ ಸುಖವೂ ಅರ್ಥವಾಗುತ್ತಿದ್ದವು.

ಇದು ಬಿಡಿ ಪ್ರಯತ್ನ. ಕ್ರಮಬದ್ಧವಾದ ಪ್ರಯತ್ನ ನಡೆದದ್ದು ಜರ್ಮನಿಯಲ್ಲಿ. ಪರಿಸರಕ್ಕೆ ಹಿತವಾದ ವಸ್ತುಗಳಿಗೆ ಅಲ್ಲಿ 1978ರಿಂದ ‘ನೀಲಿ ದೇವದೂತ’ ಎಂಬ ಮುದ್ರೆಯನ್ನು ಕೊಡುತ್ತಾರೆ. ಕಾಗದ, ಬಣ್ಣ ಮೊದಲಾದವುಗಳಿಗೆ ಸಲ್ಲುತ್ತಿದ್ದ ಆ ಮುದ್ರೆಯನ್ನು 2020ರಲ್ಲಿ ಮೇಜಿನ ಗಣಕದ ತಂತ್ರಾಂಶಕ್ಕೂ ವಿಸ್ತರಿಸಿದರು. ಅದರ ನಿಬಂಧನೆಗಳು ಗಮನಾರ್ಹವಾಗಿವೆ. ತಂತ್ರಾಂಶವು ತಿನ್ನುವ ವಿದ್ಯುತ್ತನ್ನು ಅಳೆದು ಬಹಿರಂಗಪಡಿಸಬೇಕು, ಐದು ವರ್ಷ ಹಳೆಯ ಗಣಕದಲ್ಲೂ ಅದು ನಡೆಯಬೇಕು, ಜಾಹೀರಾತು ಇರಕೂಡದು, ಬೇಡವಾದಾಗ ಪೂರ್ತಿಯಾಗಿ ತೆಗೆದುಹಾಕುವಂತಿರಬೇಕು. 2022ರಲ್ಲಿ ಈ ಮುದ್ರೆಯನ್ನು ಮೊತ್ತಮೊದಲು ಪಡೆದದ್ದು ಒಕುಲರ್ ಎಂಬ, ಪುಸ್ತಕ ಪತ್ರಗಳನ್ನು ಓದಿಸುವ ತಂತ್ರಾಂಶ. ಅದನ್ನು ರೂಪಿಸಿದ್ದು ಕೆಡಿಇ ಎಂಬ ಸ್ವಯಂಸೇವಕರ ಬಳಗ. ಇದೇ ಬಳಗದವರ ಸಮ್ಮೇಳನವೊಂದು 2011ರ ಮಾರ್ಚ್‌ನಲ್ಲಿ ನಮ್ಮ ಮೈಸೂರು ರಸ್ತೆಯ ಆರ್.ವಿ. ಇಂಜಿನಿಯರಿಂಗ್ ಕಾಲೇಜಿನಲ್ಲಿ ನಡೆದಿತ್ತು.

ಅಳೆಯುವ ಕ್ರಮ ಸರಳವಾಗಿದೆ. ಗಣಕಕ್ಕೆ ಹೋಗುವ ವಿದ್ಯುತ್ತಿಗೆ ಮೀಟರು ಜೋಡಿಸುತ್ತಾರೆ. ಕಡತವನ್ನು ತೆರೆಯುವುದು, ಪುಟ ತಿರುವುವುದು, ಟಿಪ್ಪಣಿ ಹಾಕುವುದು, ಹೀಗೆ ಮನುಷ್ಯ ಮಾಡುವ ಕೆಲಸಗಳನ್ನು ಯಂತ್ರದಿಂದಲೇ ಮತ್ತೆ ಮತ್ತೆ ಮಾಡಿಸುತ್ತಾರೆ. ಗಣಕ ಸುಮ್ಮನಿದ್ದಾಗಿನ ಲೆಕ್ಕವನ್ನು ಕಳೆದರೆ ಉಳಿದದ್ದು ಆ ತಂತ್ರಾಂಶದ ಪಾಲು. ಒಂದು ಗಣಕದ ಉಳಿತಾಯ ಅತ್ಯಲ್ಪವೆಂಬುದು ನಿಜ. ಆದರೆ ಬಳಸುವವರು ಕೋಟ್ಯಂತರವಾದಾಗ ಅಲ್ಪವೂ ಅಲ್ಪವಾಗಿ ಉಳಿಯುವುದಿಲ್ಲ.

ಆ ನಿಬಂಧನೆಗಳಲ್ಲಿ ನನ್ನ ಮನಸ್ಸನ್ನು ತಟ್ಟಿದ್ದು ಇನ್ನೊಂದು: ಬರೆದದ್ದನ್ನು ಬೇರೆ ತಂತ್ರಾಂಶವೂ ಓದುವಂತಿರಬೇಕು ಎಂಬುದು. ಯೂನಿಕೋಡ್ ಬಳಕೆಗೆ ಬರುವ ಮೊದಲು ನಾವು ಕನ್ನಡದವರು ಒಬ್ಬೊಬ್ಬರು ಒಂದೊಂದು ಅಕ್ಷರಶೈಲಿಯಲ್ಲಿ ಬೆರಳಚ್ಚಿಸಿದೆವು. ಹಳಗನ್ನಡ ಪಾಠ ಹೇಳಲು ನಾನು ವರ್ಷಗಟ್ಟಲೆ ಸಿದ್ಧಪಡಿಸಿದ ಟಿಪ್ಪಣಿಗಳು ಹೊಸ ಯಂತ್ರದಲ್ಲಿ ಅರ್ಥವಿಲ್ಲದ ಗೀರುಗಳಾಗಿ ಕಾಣುತ್ತವೆ. ಅವನ್ನು ಓದಬಲ್ಲದ್ದು ಈ ಮುದಿ ಯಂತ್ರವೊಂದೇ. ಅದನ್ನು ಗುಜರಿಗೆ ಹಾಕಿದ್ದರೆ ಲೋಹದ ಜೊತೆಗೆ ನನ್ನ ಪಂಪ, ರನ್ನರೂ ಹೋಗುತ್ತಿದ್ದರು. ಈಗ ದಿನಕ್ಕೆ ನಾಲ್ಕಾರು ಪುಟದಂತೆ ಅವನ್ನು ಯೂನಿಕೋಡಿಗೆ ಪರಿವರ್ತಿಸಿ, ತಪ್ಪು ತಿದ್ದಿ ಇಡುತ್ತಿದ್ದೇನೆ.

ಆದುದರಿಂದ ಕೇಳುಗರಲ್ಲಿ ನನ್ನದೊಂದು ವಿಜ್ಞಾಪನೆ. ನಿಮ್ಮ ಗಣಕ ನಿಧಾನವಾದಾಗ, ಸವೆದದ್ದು ಯಂತ್ರವೋ, ಹೆಚ್ಚಾದದ್ದು ಹೊರೆಯೋ ಎಂದು ಬಲ್ಲವರನ್ನೊಮ್ಮೆ ಕೇಳಿ. ಬೆಂಗಳೂರಿನಲ್ಲಿ ಕುಳಿತು ತಂತ್ರಾಂಶ ಬರೆಯುವ ಮಕ್ಕಳೇ, ನೀವು ಬರೆದದ್ದನ್ನು ನಿಮ್ಮ ಕಚೇರಿಯ ಹೊಸ ಯಂತ್ರದಲ್ಲಷ್ಟೇ ಪರೀಕ್ಷಿಸಬೇಡಿ. ಊರಿನಲ್ಲಿ ಅಪ್ಪ ಅಮ್ಮಂದಿರ ಮೇಜಿನ ಮೇಲಿರುವ ಹಳೆಯ ಯಂತ್ರದಲ್ಲೂ ಒಮ್ಮೆ ನಡೆಸಿ ನೋಡಿ. ಭಾನುವಾರಗಳಂದು ಸಾವನದುರ್ಗವನ್ನು ಹತ್ತಲು ಬರುವವರಲ್ಲಿ ಈ ವೃತ್ತಿಯ ತರುಣರು ಬಹಳ ಮಂದಿ ಇದ್ದಾರೆ. ತಂದ ನೀರಿನ ಬಾಟಲಿಯನ್ನು ಬೆಟ್ಟದ ಮೇಲೆ ಎಸೆಯದೆ ಮರಳಿ ಒಯ್ಯುವವರನ್ನು ನಾನು ಕಂಡಿದ್ದೇನೆ. ಅದೇ ಎಚ್ಚರ ಅವರ ಬರವಣಿಗೆಯಲ್ಲೂ ಇರಲಿ.

(ಆಕಾಶವಾಣಿಯ ಕೃಪೆ)