ಕಿವಿಯಲ್ಲಿರುವ ರೇಡಿಯೊ



ಗೋಡೆಗೂ ಕಿವಿಯುಂಟು ಎಂದು ನಮ್ಮ ಹಿರಿಯರು ಎಚ್ಚರಿಸುತ್ತಿದ್ದರು. ತಮಿಳಿನಲ್ಲೂ 'ಸುವರುಕ್ಕುಂ ಕಾದು ಉಂಡು' ಎನ್ನುತ್ತಾರೆ. ಈಗ ನಮ್ಮ ಕಿವಿಯಲ್ಲೇ ಸಿಕ್ಕಿಸಿಕೊಂಡ ಉಪಕರಣದ ಬಗ್ಗೆ ಎಚ್ಚರ ಬೇಕಾಗಿದೆ. ಕೊಯಮತ್ತೂರಿನ ಗಾಂಧಿಪುರಂ ನಿಲ್ದಾಣದಲ್ಲಿ, ತಿರುಪ್ಪೂರಿನ ಬನಿಯನ್ ಕಂಪನಿಗಳಿಗೆ ಹೋಗುವ ಬಸ್ಸುಗಳಲ್ಲಿ, ತಂತಿಯಿಲ್ಲದ ಇಯರ್‌ಫೋನ್ ಇಲ್ಲದ ಯುವಕರು ಅಪರೂಪ.

ಫೋನಿಗೂ ಇದಕ್ಕೂ ನಡುವೆ ಇರುವುದು ಬ್ಲೂಟೂತ್. ಆಕಾಶವಾಣಿಯಂತೆ ಇದೂ ರೇಡಿಯೊ ತರಂಗವೇ. ಆವರ್ತನ 2.4 ಗಿಗಾಹರ್ಟ್ಸ್, ಸಾಮಾನ್ಯವಾಗಿ ಮುಟ್ಟುವ ದೂರ ಸುಮಾರು 10 ಮೀಟರ್. ಆಕಾಶವಾಣಿ ಊರಿಗೆಲ್ಲ ಕೇಳಬೇಕು, ಇದು ಒಬ್ಬರಿಗೆ ಮಾತ್ರ ಕೇಳಬೇಕು. ಅದಕ್ಕೆಂದೇ ಮೊದಲ ಸಲ ಜೋಡಿಸುವಾಗ ಎರಡೂ ಸೇರಿ ಒಂದು ಗುಪ್ತ ಕೀಲಿ ಮಾಡಿಕೊಳ್ಳುತ್ತವೆ.

2025ರ ಜೂನ್‌ನಲ್ಲಿ ಜರ್ಮನಿಯ ಇಆರ್‌ಎನ್‌ಡಬ್ಲ್ಯು ಸಂಸ್ಥೆಯ ತಜ್ಞರು ತೈವಾನಿನ ಏರೋಹಾ ಕಂಪನಿಯ ಚಿಪ್‌ಗಳಲ್ಲಿ ದೋಷ ಕಂಡುಹಿಡಿದುದನ್ನು ತಿಳಿಸಿದರು. ಸೋನಿ, ಬೋಸ್, ಜೆಬಿಎಲ್‌ನಂಥ ಹೆಸರಾಂತ ತಯಾರಕರ ಕೆಲವು ಮಾದರಿಗಳಲ್ಲೂ ಆ ಚಿಪ್ ಇತ್ತು. ಹತ್ತಿರವಿರುವ ಅಪರಿಚಿತನು ಜೋಡಣೆಯೇ ಇಲ್ಲದೆ ಒಳಹೊಕ್ಕು ಆ ಕೀಲಿಯನ್ನು ಕದಿಯಬಹುದಾಗಿತ್ತು. ಬಳಿಕ ತಾನೇ ಇಯರ್‌ಫೋನ್ ಎಂದು ಫೋನನ್ನು ನಂಬಿಸಬಹುದಾಗಿತ್ತು. ಇದಕ್ಕೆ ಒಳ್ಳೆಯ ಪರಿಣತಿ ಬೇಕು, ನಿಜ. ಆದರೆ 2026ರ ಜನವರಿಯಲ್ಲಿ ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ ಸಂಶೋಧಕರು ಇನ್ನೊಂದು ಸಂಗತಿ ಹೊರಗೆಡವಿದರು. ಗೂಗಲ್‌ನ 'ಫಾಸ್ಟ್ ಪೇರ್' ಸೌಲಭ್ಯವಿದ್ದ ಹಲವು ಉಪಕರಣಗಳು, ಒಡೆಯ ಜೋಡಣೆಯ ಗುಂಡಿ ಒತ್ತದಿದ್ದರೂ, ಬೇರೆಯವರ ಕರೆಗೆ ಕೆಲವೇ ಸೆಕೆಂಡುಗಳಲ್ಲಿ ಓಗೊಟ್ಟವು. ಅದರ ಮೈಕಿನಿಂದ ಸುತ್ತಲಿನ ಮಾತನ್ನೂ ಕೇಳಬಹುದಾಗಿತ್ತು.

ಬಸ್ಸಿನಲ್ಲಿ ಗುಟ್ಟಿನ ಮಾತು ಬಂದರೆ ನಾವು ತಮಿಳು ಬಿಟ್ಟು ಕನ್ನಡಕ್ಕೆ ಹೊರಳುತ್ತೇವೆ. ಪಕ್ಕದ ಸೀಟಿನವರ ಮಟ್ಟಿಗೆ ಅದು ಸಾಕು. ಆದರೆ ರೆಕಾರ್ಡ್ ಆದ ಮಾತನ್ನು ಕನ್ನಡ ಬಲ್ಲವರಿಗೆ ಕೇಳಿಸಿ ಅರ್ಥ ತಿಳಿಯಬಹುದು. ಬ್ಯಾಂಕಿನ ಓಟಿಪಿಯನ್ನಂತೂ ನಾವು ಇಂಗ್ಲಿಷ್ ಅಂಕಿಗಳಲ್ಲೇ ಹೇಳುತ್ತೇವೆ!

ಹಾಗಾದರೆ ಮಾಡಬೇಕಾದುದೇನು? ತಯಾರಕರ ಆ್ಯಪ್ ಹಾಕಿಕೊಂಡು ಇಯರ್‌ಫೋನಿಗೆ ಅಪ್‌ಡೇಟ್ ಬಂದಿದೆಯೇ ನೋಡಿ. ಫೋನಿನ ಅಪ್‌ಡೇಟ್ ಬೇರೆ, ಇದು ಬೇರೆ. ಅಗ್ಗವೆಂದು ಹೆಸರಿಲ್ಲದ ಮಾಲು ಕೊಂಡರೆ ಇಂಥ ರಿಪೇರಿ ಸಿಗುವುದು ಕಷ್ಟ. ಬಳಸದಾಗ ಡಬ್ಬಿಯಲ್ಲಿಟ್ಟು ಮುಚ್ಚಿ. ಹಣಕಾಸಿನ ಮಾತಿಗೆ ಫೋನನ್ನೇ ಕಿವಿಗಿಟ್ಟುಕೊಳ್ಳಿ. ಹಳೆಯದನ್ನು ಮಾರುವ ಮುನ್ನ ರೀಸೆಟ್ ಮಾಡಿ.

ಇಂದು ಸಂಜೆಯೇ ಮನೆಯ ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು ಈ ಕೆಲಸ ಮುಗಿಸಿರಿ.